ಅಂಕಿಯ ವಿಳಾಸವೂ ಯಂತ್ರದ ನೆಲೆಯೂ

ಕಾಗದದ ಮೇಲಿನ ವಿಳಾಸವನ್ನು ನೋಡಿ ಅಂಚೆಯವನು ಮನೆಯ ಬಾಗಿಲಿಗೆ ಬರುತ್ತಾನೆ. ಅಂತರ್ಜಾಲದಲ್ಲಿಯೂ ಯಂತ್ರಗಳಿಗೆ ಐ.ಪಿ. ವಿಳಾಸವೆಂಬ ಅಂಕಿಯ ವಿಳಾಸವುಂಟು. ಜಾಲತಾಣವನ್ನು ಇರಿಸಿಕೊಂಡಿರುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರ ಅಂಕಿಯನ್ನು ಕೊಟ್ಟರೆ, ಅದಿರುವ ಊರನ್ನು ಭೂಪಟದಲ್ಲಿ ಚುಕ್ಕೆಯಿಟ್ಟು ತೋರಿಸುವ ಸೇವೆಗಳು ಇಂದು ಹಲವಿವೆ.

ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳು ಒಂದೇ ಅಂಕಿಯನ್ನು ಇಂಥ ಎರಡು ಸೇವೆಗಳಲ್ಲಿ ಹುಡುಕಿದರು. ಒಂದು ಮುಂಬಯಿ ಎಂದಿತು. ಇನ್ನೊಂದು ಸಿಂಗಾಪುರ ಎಂದಿತು. ಯಾವುದನ್ನು ನಂಬಬೇಕೆಂಬ ಅವರ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಅಂಚೆಯ ವಿಳಾಸದಲ್ಲಿ ಊರಿನ ಹೆಸರಿರುತ್ತದೆ. ಅಂಕಿಯ ವಿಳಾಸದಲ್ಲಿ ಅದಿಲ್ಲ. ಜಗತ್ತಿನ ಐದು ನೋಂದಣಿ ಸಂಸ್ಥೆಗಳು ಈ ಅಂಕಿಗಳನ್ನು ಗುಂಪುಗುಂಪಾಗಿ ಹಂಚುತ್ತವೆ. ನಮ್ಮ ಭಾಗಕ್ಕೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಏಪ್ನಿಕ್ ಎಂಬುದು ಅಂಥ ಸಂಸ್ಥೆ. ಅದರ ದಾಖಲೆಯಲ್ಲಿರುವುದು ಅಂಕಿಗಳನ್ನು ಪಡೆದ ಸಂಸ್ಥೆಯ ಹೆಸರು ಮತ್ತು ದೇಶ, ಯಂತ್ರವನ್ನಿಟ್ಟ ಕೊಠಡಿಯಲ್ಲ. ಒಂದು ದೇಶದಲ್ಲಿ ನೋಂದಾಯಿಸಿದ ಸಂಸ್ಥೆ ಇನ್ನೊಂದು ದೇಶದಲ್ಲಿ ಸರ್ವರುಗಳನ್ನಿಟ್ಟು ಬಾಡಿಗೆಗೆ ಕೊಡುವುದು ಸಾಮಾನ್ಯ.

ಹಳೆಯ ಕ್ರಮದ ಅಂಕಿಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಕೇಂದ್ರ ಸಂಗ್ರಹವು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಆ ಬಳಿಕ ಒಬ್ಬರ ಅಂಕಿಗಳನ್ನು ಮತ್ತೊಬ್ಬರು ಕೊಳ್ಳುವ ವ್ಯವಹಾರ ಬೆಳೆಯಿತು. ಅಂಕಿಗಳು ದೇಶ ದಾಟಿದರೂ ಭೂಪಟದ ಚುಕ್ಕೆ ಹಿಂದಿನ ಊರಿನಲ್ಲಿಯೇ ಉಳಿಯುವುದುಂಟು. ಅಷ್ಟೇ ಅಲ್ಲದೆ, ಒಂದೇ ಅಂಕಿಯನ್ನು ಹಲವು ದೇಶಗಳ ಯಂತ್ರಗಳಿಗೆ ಏಕಕಾಲದಲ್ಲಿ ಕೊಡುವ ಪದ್ಧತಿಯೂ ಇದೆ. ಗೂಗಲ್ ಸಂಸ್ಥೆಯ 8.8.8.8 ಎಂಬ ವಿಳಾಸ ಇದಕ್ಕೆ ಉದಾಹರಣೆ. ಇಂಥದಕ್ಕೆ ಒಂದೇ ಊರನ್ನು ಹೇಳುವುದು ಹೇಗೆ?

ಈ ತಪ್ಪು ನಿರಪರಾಧಿಗಳನ್ನು ಬಾಧಿಸಿದ್ದೂ ಉಂಟು. ಅಮೆರಿಕದ ಮ್ಯಾಕ್ಸ್‌ಮೈಂಡ್ ಸಂಸ್ಥೆಯು, ಊರು ತಿಳಿಯದೆ ದೇಶ ಮಾತ್ರ ತಿಳಿದ ಅಂಕಿಗಳಿಗೆಲ್ಲ ದೇಶದ ನಡುವಣ ಒಂದು ಬಿಂದುವನ್ನು ಗೊತ್ತುಮಾಡಿತ್ತು: 38 ಡಿಗ್ರಿ ಉತ್ತರ ಅಕ್ಷಾಂಶ, 97 ಡಿಗ್ರಿ ಪಶ್ಚಿಮ ರೇಖಾಂಶ. ಆ ಬಿಂದುವಿನ ಬಳಿ ಕಾನ್ಸಾಸ್ ರಾಜ್ಯದ ಒಂದು ಹೊಲಮನೆಯಿತ್ತು. 60 ಕೋಟಿಗೂ ಮಿಕ್ಕಿದ ಅಂಕಿಗಳು ಆ ಮನೆಯನ್ನೇ ತೋರಿಸಿದವು. ಮೋಸಗಾರರನ್ನೂ ಕಾಣೆಯಾದ ಮಕ್ಕಳನ್ನೂ ಹುಡುಕುತ್ತ ಪೊಲೀಸರು ವರ್ಷಗಟ್ಟಲೆ ಅಲ್ಲಿಗೆ ಬಂದರು. ಏನೂ ಅರಿಯದ ಮನೆಯವರು ಕಳ್ಳರೆನಿಸಿಕೊಂಡರು. 2016ರಲ್ಲಿ ವಿಷಯ ಬಯಲಾದ ಮೇಲೆ ಸಂಸ್ಥೆಯು ಬಿಂದುವನ್ನು ಒಂದು ಸರೋವರದ ನಡುವಿಗೆ ಸರಿಸಿತು.

ಹಾಗಾದರೆ ಪರೀಕ್ಷಿಸುವ ಬಗೆಯೇನು? ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು, ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರು ಚಲಿಸುತ್ತದೆ. ನಮ್ಮ ವಿದ್ಯಾರ್ಥಿಗಳು ಕಳುಹಿಸಿದ ಸಂದೇಶಕ್ಕೆ 25 ಮಿಲಿಸೆಕೆಂಡಿನಲ್ಲಿ ಉತ್ತರ ಬಂದಿತು. ಹೋಗಿಬರುವ ಕಾಲವನ್ನು ಅರ್ಧ ಮಾಡಿದರೆ ಹನ್ನೆರಡೂವರೆ. ಆದುದರಿಂದ ಉತ್ತರವಿತ್ತ ಯಂತ್ರ 2,500 ಕಿಲೋಮೀಟರಿಗಿಂತ ದೂರವಿರಲಾರದು. ಸಿಂಗಾಪುರವಾದರೋ ನಮ್ಮಿಂದ 3,000 ಕಿಲೋಮೀಟರಿಗೂ ದೂರ. ಅದು ಸಿಂಗಾಪುರವಲ್ಲವೆಂದು ಗಣಿತವೇ ಹೇಳಿತು. ಮುಂಬಯಿಯೇ ಎಂಬುದು ಇದರಿಂದ ಸಿದ್ಧವಾಗದು. ಅದನ್ನು ಸರ್ವರನ್ನು ಬಾಡಿಗೆಗೆ ಕೊಟ್ಟವರನ್ನೇ ಕೇಳಬೇಕು. ತಮ್ಮ ಅಂಕಿಗಳನ್ನು ಯಾವ ಊರಿನಲ್ಲಿ ಬಳಸುತ್ತಿದ್ದೇವೆಂದು ಅವರೇ ಪಟ್ಟಿಮಾಡಿ ಪ್ರಕಟಿಸಲು 2020ರಿಂದ ಜಿಯೋಫೀಡ್ ಎಂಬ ಗೊತ್ತಾದ ಕ್ರಮವೂ ಇದೆ.

ದಾಖಲೆಯ ಊರೊಂದು, ಬಾಳುವ ಊರೊಂದು ಆಗಿರುವುದು ಗಡಿನಾಡಿನವರಾದ ನಮಗೆ ಹೊಸತಲ್ಲ. ಆದುದರಿಂದ ಪಾಲಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೆ: ಭೂಪಟದ ಚುಕ್ಕೆಯನ್ನು ನಂಬಿ ಯಾರ ಮೇಲೂ ದೋಷ ಹೊರಿಸಬಾರದು. ಜಾಲದಲ್ಲಿ ಹಣದ ಮೋಸವಾದರೆ ತಡಮಾಡದೆ 1930ಕ್ಕೆ ದೂರವಾಣಿ ಮಾಡಿರಿ. ಆ ಹೊತ್ತಿನಲ್ಲಿ ಅಂಕಿಯನ್ನು ಬಳಸಿದವರಾರೆಂಬುದನ್ನು ಸೇವಾಸಂಸ್ಥೆಯ ದಾಖಲೆಯಿಂದ ಕಾನೂನಿನ ಕ್ರಮದಲ್ಲಿ ಪಡೆಯುವ ಅಧಿಕಾರ ಪೊಲೀಸರಿಗುಂಟು.