ಎದೆ ಡವಡವ: ಆ 10 ಸೆಕೆಂಡಿನ ಇಸಿಜಿ ಹೇಳದಿರುವುದು

ಎದೆ ಡವಡವ ಹೊಡೆದುಕೊಂಡಿತು, ಆಸ್ಪತ್ರೆ ತಲುಪುವಷ್ಟರಲ್ಲಿ ನಿಂತಿತು, ಇಸಿಜಿ ನಾರ್ಮಲ್ ಬಂತು. ಹಾಗಾದರೆ ಇದು ಬರೀ ಟೆನ್ಷನ್. ಈ ತೀರ್ಮಾನಕ್ಕೆ, ಅದರಲ್ಲೂ ಹೆಂಗಸರ ವಿಷಯದಲ್ಲಿ, ನಾವು ತೀರಾ ಬೇಗ ಬಂದುಬಿಡುತ್ತೇವೆ. ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡಿನ ಬಡಿತವನ್ನು ಮಾತ್ರ. ಬಡಿತ ಓಡುತ್ತಿರುವಾಗಲೇ ತೆಗೆದರೆ ಅದು ಬಹಳಷ್ಟು ಹೇಳುತ್ತದೆ. ನಿಂತ ಮೇಲೆ ತೆಗೆದದ್ದು ಆ ಹೊತ್ತಿಗೆ ಬಡಿತ ಸರಿಯಿತ್ತು ಎನ್ನುವುದಕ್ಕಿಂತ ಹೆಚ್ಚೇನನ್ನೂ ಖಾತ್ರಿಪಡಿಸುವುದಿಲ್ಲ. ಎಸ್‌ವಿಟಿ ಎಂಬ ತೊಂದರೆಯನ್ನೇ ನೋಡಿ. ಹೃದಯದ ವಿದ್ಯುತ್ ಸಂಕೇತ ತನ್ನ ದಾರಿ ಬಿಟ್ಟು ಒಂದೇ ಸುತ್ತಿನಲ್ಲಿ ತಿರುಗತೊಡಗಿದರೆ, ಸುಮ್ಮನೆ ಕೂತಿದ್ದಾಗಲೂ ಬಡಿತ ನಿಮಿಷಕ್ಕೆ 150 ದಾಟಬಹುದು, ಆಮೇಲೆ ಸ್ವಿಚ್ ಆರಿಸಿದಂತೆ ತಟ್ಟನೆ ನಿಲ್ಲಬಹುದು. ಆಗ ಬೆವರು, ನಡುಕ, ಭಯ ಬರುವುದು ಸಹಜ. ಭಯಪಟ್ಟರು ಎಂಬ ಒಂದೇ ಕಾರಣಕ್ಕೆ ಭಯವೇ ಮೂಲ ಎನ್ನುವುದು ಅನ್ಯಾಯ. ಎಸ್‌ವಿಟಿ ಎಂದು ಗೊತ್ತಾದರೆ ಅಬ್ಲೇಷನ್ ಎಂಬ ಚಿಕಿತ್ಸೆಯಿಂದ ಬಹುತೇಕ ಮಂದಿಗೆ ಪೂರ್ತಿ ಗುಣವಾಗುತ್ತದೆ.

ಕಾರಣ ಹೃದಯದಲ್ಲೇ ಇರಬೇಕೆಂದೂ ಇಲ್ಲ. ರಕ್ತಹೀನತೆಯಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ ಕಡಿಮೆ. ಆ ಕೊರತೆ ತುಂಬಲು ಹೃದಯ ಜೋರಾಗಿ ಓಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಹಿಮೋಗ್ಲೋಬಿನ್ ನೋಡದೆ ಟೆನ್ಷನ್ ಎನ್ನುವುದು ಹೇಗೆ ಸರಿ? ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಹೀಗಾಗುತ್ತದೆ. ಜ್ವರ, ನಿರ್ಜಲೀಕರಣ, ಹೆಚ್ಚು ಕಾಫಿ, ಉಬ್ಬಸದ ಇನ್‌ಹೇಲರ್ ಕೂಡ ಕಾರಣವಾಗಬಹುದು.

ಎದೆಬಡಿತ ಹೆಚ್ಚಿದವರೆಲ್ಲ ಹೃದಯ ತಜ್ಞರ ಬಾಗಿಲಿಗೆ ಓಡಬೇಕೇ ಎಂದು ಕೇಳಬಹುದು. ಬೇಕಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಇದು ಅಪಾಯವಿಲ್ಲದ್ದೇ, ಆತಂಕವೂ ನಿಜವಾದ ಕಾರಣವೇ. ಆದರೆ ಉಳಿದವನ್ನು ನೋಡಿದ ಮೇಲೆ ಆ ಮಾತಿಗೆ ಬರಬೇಕು, ಮೊದಲೇ ಅಲ್ಲ. ಊರಿನ ವೈದ್ಯರೇ ರಕ್ತ, ಥೈರಾಯ್ಡ್ ಪರೀಕ್ಷೆ, ಇಸಿಜಿ ಮಾಡಿಸಬಲ್ಲರು. ಮತ್ತೆ ಮತ್ತೆ ಬರುತ್ತಿದ್ದರೆ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬಡಿತ ದಾಖಲಿಸುವ ಹೋಲ್ಟರ್ ಇದೆ. ಬಡಿತ ಓಡುವಾಗಲೇ ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ, ತಾಳ ತಪ್ಪುತ್ತಿದೆಯೇ ಎಂದೂ ಗಮನಿಸಿ ಬರೆದಿಡಿ. ತಾಳ ತಪ್ಪಿದ ಬಡಿತ ಏಟ್ರಿಯಲ್ ಫಿಬ್ರಿಲೇಷನ್ ಆಗಿದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತರಬಹುದು. ಜೊತೆಗೆ ಎದೆನೋವು, ಏದುಸಿರು, ಪ್ರಜ್ಞೆ ತಪ್ಪುವುದು ಕಂಡರೆ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.