ಆನೆಹಿಂಡು ಕಲಿಸಿದ ರಾಜಕೀಯ

ಹೆಗ್ಗಡದೇವನಕೋಟೆ ಸೀಮೆಯ ಕಾಕನಕೋಟೆ ಎಂದೊಡನೆ ಹಳಬರಿಗೆ ನೆನಪಾಗುವುದು ಖೆಡ್ಡಾ. ತಮಟೆ, ಬೆಂಕಿ, ಕೂಗಾಟದಿಂದ ಬೆದರಿಸಿ, ಕಾಡಾನೆಗಳ ಇಡೀ ಹಿಂಡನ್ನು ಕಬಿನಿ ಹೊಳೆಗಿಳಿಸಿ, ದಿಮ್ಮಿಗಳ ದೊಡ್ಡಿಗೆ ಅಟ್ಟುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನೆಲೆಗೊಳಿಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಒಂದು ಸಂಗತಿಯನ್ನು ಖಚಿತವಾಗಿ ದಾಖಲಿಸಿದ: ಹಿಂಡಿನ ಮುಂದಾಳು ಹೆಣ್ಣಾನೆ, ಸಲಗವಲ್ಲ.

ಅದೇ ಕಾಲದ ರಷ್ಯಾದ ಚಿಂತಕ ಪೀಟರ್ ಕ್ರೊಪಾಟ್ಕಿನ್‌ಗೂ ಪ್ರಾಣಿಗಳೇ ಗುರುಗಳಾಗಿದ್ದವು. ತಲೆಯ ಮೇಲೆ ದೊರೆಯಾಗಲಿ ಸರ್ಕಾರವಾಗಲಿ ಇಲ್ಲದೆ, ಜನ ತಾವೇ ಕೂಡಿ ಬಾಳಬಲ್ಲರು ಎನ್ನುವ ಅರಾಜಕತಾವಾದಿ ಆತ. 1862ರಿಂದ ಐದು ವರ್ಷ ಸೇನಾಧಿಕಾರಿಯಾಗಿ ಸೈಬೀರಿಯಾದಲ್ಲಿದ್ದಾಗ, ಹಿಮ ಬೀಳುವ ಮುನ್ನ ದೂರದೂರದ ಜಿಂಕೆಗಳು ಸಾವಿರಗಟ್ಟಲೆ ನೆರೆದು, ಅಮೂರ್ ನದಿ ಕಿರಿದಾಗುವೆಡೆ ಒಟ್ಟಾಗಿ ದಾಟುವುದನ್ನು ಗಮನಿಸಿದ. 1888ರಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಪ್ರಾಣಿಲೋಕವನ್ನು ಮಲ್ಲರ ಕಾಳಗಕ್ಕೆ ಹೋಲಿಸಿದಾಗ, ಕ್ರೊಪಾಟ್ಕಿನ್ ಲೇಖನಮಾಲೆಯಲ್ಲೇ ಉತ್ತರ ಕೊಟ್ಟ. 1902ರಲ್ಲಿ ಅದು ‘ಮ್ಯೂಚುಯಲ್ ಏಡ್’ ಎಂಬ ಪುಸ್ತಕವಾಯಿತು. ಹೋರಾಟವೇ ಇಲ್ಲವೆಂದು ಆತ ಹೇಳಲಿಲ್ಲ. ಒಂದೇ ಜಾತಿಯ ಜೀವಿಗಳಲ್ಲಿ ನೆರವಾಗುವವೇ ಹೆಚ್ಚು ಬಾಳುತ್ತವೆ ಎಂದ. ಇರುವೆ, ಜೇನು, ಹಕ್ಕಿಗಳ ಜೊತೆಗೆ, ಕಾವಲಿಟ್ಟುಕೊಂಡು ಕೂಡುಕುಟುಂಬವಾಗಿ ಬದುಕುವ ಆನೆಗಳೂ ಆ ಪುಸ್ತಕದಲ್ಲಿವೆ.

ಹಿರಿಯ ಹೆಣ್ಣಾನೆ ಹೊಡೆದು ಬಡಿದು ಹಿಂಡನ್ನು ಆಳುವುದಿಲ್ಲ. ನೀರು ಎಲ್ಲಿದೆ, ಯಾವ ದಾರಿ ಕ್ಷೇಮ ಎಂಬುದು ಅದಕ್ಕೆ ಗೊತ್ತು. ಉಳಿದವು ನಂಬಿ ಹಿಂಬಾಲಿಸುತ್ತವೆ. ಅಪಾಯ ಎದುರಾದರೆ ದೊಡ್ಡವು ಮರಿಗಳನ್ನು ನಡುವೆ ಹಾಕಿಕೊಂಡು ನಿಲ್ಲುತ್ತವೆ. ಈ ಒಗ್ಗಟ್ಟನ್ನೇ ಖೆಡ್ಡಾ ಬಲೆಯಾಗಿಸಿಕೊಂಡಿತು: ಬಿಟ್ಟು ಓಡದ ಹಿಂಡು ಇಡಿಯಾಗಿ ಸೆರೆಯಾಗುತ್ತಿತ್ತು. 1968ರಲ್ಲಿ ಕಾಕನಕೋಟೆಯಲ್ಲಿ ಹೀಗೆ ಸಿಕ್ಕ ಆನೆ ಅರ್ಜುನ, 2012ರಿಂದ 2019ರವರೆಗೆ ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಕಾಡಾನೆಯೊಂದರ ಜೊತೆ ಕಾದಾಡಿಯೇ ಪ್ರಾಣ ಬಿಟ್ಟ. ಒಡನಾಡಿಗಳಿಂದ ಅಗಲಿಸಿದ ಜೀವವನ್ನು ಅದರದೇ ಕುಲದ ಮೇಲೆ ಬಿಡುವುದು ಅಧಿಕಾರದ ಹಳೆಯ ವರಸೆ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಆನೆ–ರೈತರ ಸಂಕಟ ಮುಗಿದಿಲ್ಲ. ಹಿಂಡಿನ ಜಾಡು ಬಲ್ಲವರು ಆದಿವಾಸಿ ಹಾಡಿಯ ಜೇನುಕುರುಬರು. ಬೆಳೆ ಕಳೆದುಕೊಳ್ಳುವವರು ರೈತರು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ಕೊಟ್ಟಿದೆ. ಆನೆದಾರಿಗಳ ತೀರ್ಮಾನ ಮೇಲಿನಿಂದ ಇಳಿದುಬರುವುದು ನಿಲ್ಲಲಿ. ಹಾಡಿ ಮತ್ತು ಹಳ್ಳಿ ಒಟ್ಟಿಗೆ ಕೂತು ಮಾತಾಡಲಿ.