ಆಣೆಯೊಂದೇ ಸಾಲದು, ಚಿಕಿತ್ಸೆ ಬೇಕು

ಮಾದಕ ವ್ಯಸನವೆಂದೊಡನೆ ನಮಗೆ ನೆನಪಾಗುವುದು ಮಹಾನಗರದ ಪೊಲೀಸ್ ದಾಳಿಗಳು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಚ್ಚು ಕಾಣುವ ಮಾದಕ ವಸ್ತು ಅಗ್ಗದ ಮದ್ಯ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಮರೆಯಾಯಿತು, ಕುಡಿತ ಉಳಿಯಿತು. 1985ರ ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಮದ್ಯ ಬರುವುದಿಲ್ಲವಾದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮನೋಸ್ಥಿತಿಗಳನ್ನು ಕಾಯಿಲೆಯೆಂದೇ ಪರಿಗಣಿಸಿದೆ.

ಸಂತೆಯ ದಿನ ಕುಡಿದು ಜಗಳ ಕಾಯುವವನದು ದುರ್ಬಳಕೆ. ಬೆಳಿಗ್ಗೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವವನದು ಅವಲಂಬನೆ. ಮೊದಲನೆಯವನಿಗೆ ಬುದ್ಧಿಮಾತು ನಾಟೀತು. ಎರಡನೆಯವನ ಮಿದುಳು ಮಾತ್ರ ಮದ್ಯದ ಮಂಪರಿಗೆ ಎದುರಾಗಿ ತನ್ನ ಉದ್ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಹಠಾತ್ತನೆ ನಿಂತರೆ ಆ ಉದ್ವೇಗಕ್ಕೆ ಕಡಿವಾಣವಿರದು. ಮೊದಲ ದಿನ ನಡುಕ, ಬೆವರು. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್. ಬಳಿಕ ಇಲ್ಲದ್ದು ಕಾಣುವುದು, ಕೇಳುವುದು. ಮನೆಯವರು ಗಾಳಿ ಸೋಕಿತೆಂದು ಅಂತ್ರಕ್ಕೆ ಅಲೆಯುವಷ್ಟರಲ್ಲಿ ಪ್ರಾಣವೇ ಹೋಗಬಹುದು.

ಈ ಸೀಮೆಯಲ್ಲಿ ದೇವರಿಗೆ ಕೊಟ್ಟ ಮಾತಿಗೆ ಬೆಲೆಯಿದೆ. ಗೌರಸಮುದ್ರದ ಮಾರಮ್ಮ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಇಲ್ಲಿನ ಜನರ ಮನಸ್ಸನ್ನು ಆಳುವವರು. ಮ್ಯಾಸಬೇಡರ ಕಟ್ಟಳೆಯಲ್ಲಂತೂ ಹೆಂಡ ಮೊದಲಿನಿಂದಲೂ ನಿಷಿದ್ಧ. ಇದನ್ನು ಲಘುವಾಗಿ ಕಾಣುವ ನಗರದ ವಿದ್ಯಾವಂತರ ಧೋರಣೆ ನನಗೆ ಒಪ್ಪಿಗೆಯಿಲ್ಲ. ಚೇತರಿಸಿಕೊಂಡವನನ್ನು ಆಣೆ ವರ್ಷಗಟ್ಟಲೆ ಕಾಯಬಲ್ಲದು. ಆದರೆ ಆಣೆಯಿಟ್ಟ ಮೊದಲ ವಾರ ಅವನು ವೈದ್ಯರ ಕಣ್ಣಳತೆಯಲ್ಲಿರಬೇಕು. ಕಟ್ಟಳೆ ಬಿಗಿಯಾದಲ್ಲಿ ನಾಚಿಕೆಯೂ ಹೆಚ್ಚು. ಮನೆಯವರು ಮುಚ್ಚಿಟ್ಟಷ್ಟೂ ಆಸ್ಪತ್ರೆ ದೂರವಾಗುತ್ತದೆ.

ಚಿಕಿತ್ಸೆಯಲ್ಲಿ ನಿಗೂಢವಾದದ್ದೇನಿಲ್ಲ. ನಡುಕ ಶಮನಗೊಳಿಸುವ ಮಾತ್ರೆಗಳನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು. ನಮ್ಮ ಹಳ್ಳಿಗಳಲ್ಲಿ ಯಾವ ನಿಶ್ಶಕ್ತಿಗೂ ಗ್ಲೂಕೋಸ್ ಬಾಟಲಿ ಏರಿಸುವ ಚಾಳಿಯಿದೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ದೀರ್ಘಕಾಲ ಕುಡಿದು ಸೊರಗಿದವನ ಮಿದುಳಿಗೆ ಹಾನಿಯಾಗಬಹುದು. ಮುಂದೆ ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳಿವೆ. ಡೈಸಲ್ಫಿರಾಮ್ ಸೇವಿಸಿದವನು ಕುಡಿದರೆ ವಾಂತಿ, ಎದೆಬಡಿತ. ಕೆಲವೊಮ್ಮೆ ರಕ್ತದೊತ್ತಡ ಕುಸಿಯುತ್ತದೆ. ಅದನ್ನು ರೋಗಿಯ ಒಪ್ಪಿಗೆಯಿಂದಲೇ ಕೊಡಬೇಕು. ಗಂಡನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರೆಂದು ಪುಡಿ ಮಾರುವವರು ಹೆಂಗಸರ ಕಣ್ಣೀರಿನಲ್ಲಿ ವ್ಯಾಪಾರ ಮಾಡುತ್ತಿದ್ದಾರೆ.

ಔಷಧ ತಿಳಿದಿದ್ದರೂ ರೋಗಿಗೆ ಅದು ತಲುಪುತ್ತಿಲ್ಲ. ದೆಹಲಿಯ ಏಮ್ಸ್ ತಜ್ಞರ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಂತೆ, ಮದ್ಯಾವಲಂಬಿಗಳಲ್ಲಿ ಯಾವುದಾದರೂ ಚಿಕಿತ್ಸೆ ದೊರೆತದ್ದು 38 ಮಂದಿಗೆ ಒಬ್ಬರಿಗೆ. ಒಳರೋಗಿಯಾಗಿ ದೊರೆತದ್ದು 180 ಮಂದಿಗೆ ಒಬ್ಬರಿಗೆ. ಶೇಂಗಾ ಕೈಕೊಟ್ಟ ವರ್ಷ ಕೂಲಿ ಬಿಟ್ಟು ಬೆಂಗಳೂರಿನ ನಿಮ್ಹಾನ್ಸ್‌ಗೆ ತಿಂಗಳಿಗೊಮ್ಮೆ ಹೋಗಿಬರಲು ಎಷ್ಟು ಜನರಿಗೆ ಸಾಧ್ಯ?

ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ, ಮೊಳಕಾಲ್ಮುರಿಗೆ ಹೊಂದಿಕೊಂಡ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗಕ್ಕೆ ಮದ್ದು ಕೊಡಬಲ್ಲರೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ‘ಮನೋಚೈತನ್ಯ’ ಯೋಜನೆಯನ್ನೂ ರಾಜ್ಯ ರೂಪಿಸಿತು.

ಹಣವಿಲ್ಲವೆಂಬ ನೆಪ ಅರ್ಥಶಾಸ್ತ್ರ ಓದಿದವನಿಗೆ ಒಪ್ಪಿಗೆಯಾಗುವುದು ಕಷ್ಟ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯ ಗುರಿ 40,000 ಕೋಟಿ ರೂಪಾಯಿ. ಅದರ ಅಲ್ಪ ಭಾಗದಲ್ಲಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ನಾಲ್ಕು ಹಾಸಿಗೆ, ತಪ್ಪದ ಮಾತ್ರೆ ದಾಸ್ತಾನು, ಒಬ್ಬ ಆಪ್ತಸಮಾಲೋಚಕನನ್ನು ಒದಗಿಸಬಹುದು. ಬಿಟ್ಟವನು ಮತ್ತೆ ಕುಡಿದಾಗ ಗದರದೆ ಮರುಚಿಕಿತ್ಸೆಗೆ ಕರೆತರುವುದು ಆ ಸಮಾಲೋಚಕನ ಮುಖ್ಯ ಕೆಲಸವಾಗಬೇಕು. ಸಕ್ಕರೆ ಕಾಯಿಲೆಯವನನ್ನು ಯಾರೂ ಒಂದೇ ಬಾರಿಗೆ ಕೈಬಿಡುವುದಿಲ್ಲವಷ್ಟೆ. ಅಲ್ಲಿಯವರೆಗೆ, ಮನೆಯಲ್ಲಿ ಇಂಥವರಿರುವವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.